ಕ್ಯಾಸೆಟ್‌ನಿಂದ ಡಿಸ್ಕಿಗೆ: ದುಡ್ಡು ಹಾಕಬೇಕಾದ್ದು ಎಲ್ಲಿ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮನೆಯ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಡಿವಿಡಿಗೆ ಇಳಿಸುವ ಕೆಲಸ. ಮದುವೆ, ಗೃಹಪ್ರವೇಶ, ಬಯಲಾಟ ಎಲ್ಲ ಇತ್ತು. "ಇದಕ್ಕೆ ಹೊಸ ಕಂಪ್ಯೂಟರೇ ಬೇಕಾ?" ಎಂದು ಮನೆಯವರು ಮೊದಲೇ ಕೇಳಿದ್ದರು. ಬೇಡ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್ (PAL) ವೀಡಿಯೊ 720×576 ಚುಕ್ಕಿ, ಸೆಕೆಂಡಿಗೆ 25 ಫ್ರೇಮ್. ಹಳೆಯ ಡ್ಯುಯಲ್ ಕೋರ್ ಲ್ಯಾಪ್‌ಟಾಪಿಗೂ ಅದು ಭಾರವಲ್ಲ. ಖರ್ಚು ಮಾಡುವುದಿದ್ದರೆ ಮೊದಲು ಕ್ಯಾಸೆಟ್ ಓಡಿಸುವ ವಿಸಿಆರ್, ಆಮೇಲೆ ಅದರ ಸಿಗ್ನಲನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನ, ಕೊನೆಗೆ ಹಾರ್ಡ್ ಡಿಸ್ಕ್.

ಕೊನೆಯವರೆಗೂ ವಿಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ತಯಾರಿ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ಎಂಬುದಿಲ್ಲ. ಗಲ್ಫಿನಿಂದ ತಂದ, ಬೇರೆ ಬೇರೆ ಟಿವಿ ಪದ್ಧತಿಯ ಕ್ಯಾಸೆಟ್ ಓಡಿಸುವ ಮಲ್ಟಿಸಿಸ್ಟಮ್ ವಿಸಿಆರ್ ಕಾಸರಗೋಡಿನ ಕೆಲವು ಮನೆಗಳಲ್ಲಿ ಈಗಲೂ ಇರುವುದು ನಮ್ಮ ಪುಣ್ಯ. ಆದರೆ ಅದಕ್ಕೆ ಕ್ಯಾಸೆಟ್ ಹಾಕುವ ಮೊದಲು ಕ್ಯಾಸೆಟ್ಟಿನ ಕಿಟಕಿಯಲ್ಲಿ ಸುರುಳಿಯ ಅಂಚನ್ನು ಟಾರ್ಚ್ ಹಿಡಿದು ನೋಡಬೇಕು. ಬಿಳಿ ಪುಡಿ ಕಂಡರೆ ಅದು ಬೂಸ್ಟು. ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲಿನ ಯಾವ ಕ್ಯಾಸೆಟ್ಟನ್ನೂ ಅದು ಬಿಟ್ಟಿಲ್ಲ. ಅಂಥದ್ದನ್ನು ಓಡಿಸಿದರೆ ಟೇಪನ್ನು ಓದುವ ಹೆಡ್ಡಿಗೆ ಅಂಟಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಹೆಡ್ ಒರೆಸುವಾಗ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಚರ್ಮದ ತುಂಡನ್ನು ಅಲ್ಲಾಡದಂತೆ ಒತ್ತಿ ಹಿಡಿದು ಹೆಡ್ ಕೂತಿರುವ ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಬೇಡ, ಎಳೆ ಸಿಕ್ಕಿಕೊಳ್ಳುತ್ತದೆ.

ಕ್ಯಾಪ್ಚರ್‌ಗೆ ಎಸ್-ವೀಡಿಯೊ (ಬೆಳಕು, ಬಣ್ಣ ಬೇರೆ ಬೇರೆಯಾಗಿ ಸಾಗುವ ಸಂಪರ್ಕ) ಒಳಹರಿವು ಇರುವ ಯುಎಸ್‌ಬಿ ಸಾಧನ ಒಳ್ಳೆಯದು. ವಿಸಿಆರ್‌ನಲ್ಲಿ ಎಸ್-ವೀಡಿಯೊ ಇಲ್ಲದಿದ್ದರೆ ಎರಡನ್ನೂ ಬೆರೆಸಿ ಒಯ್ಯುವ ಹಳದಿ ಪಿನ್ನೇ ಗತಿ. ಸಿಗ್ನಲನ್ನು ಎಚ್‌ಡಿಎಂಐಗೆ ತಿರುಗಿಸುವ ಅಗ್ಗದ ಡಬ್ಬಿ ಮಾತ್ರ ಬೇಡವೇ ಬೇಡ. ಚಿತ್ರವನ್ನು ಅಡ್ಡಕ್ಕೆ ಎಳೆದು ಬಯಲಾಟದ ಬಣ್ಣದ ವೇಷವನ್ನು ಗಿಡ್ಡ ಮಾಡುತ್ತದೆ. ವೇಷದ ಕೆಂಪು ಪಕ್ಕಕ್ಕೆ ಹರಡುವುದು ಬೇರೆ ಸಂಗತಿ, ಅದು ವಿಎಚ್‌ಎಸ್‌ನ ಜಾಯಮಾನ. ಕಂಪ್ಯೂಟರನ್ನು ಬೈದು ಫಲವಿಲ್ಲ.

ಬಯಲಾಟದ ಕ್ಯಾಸೆಟ್ ಅರ್ಧ ಮುಗಿಯುವಷ್ಟರಲ್ಲಿ ತೊಂದರೆ ಕಂಡಿತು. ಚೆಂಡೆಯ ಕೋಲು ಬಿದ್ದ ಕೂಡಲೇ ಪೆಟ್ಟು ಕೇಳಬೇಕು, ಇಲ್ಲಿ ಕೋಲು ಬಿದ್ದು ತುಸು ಹೊತ್ತಾದ ಮೇಲೆ ಪೆಟ್ಟು ಕೇಳುತ್ತಿತ್ತು. ಮದುವೆಯ ವೀಡಿಯೊದಲ್ಲಾದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕ್ಯಾಪ್ಚರ್ ಆಗುವಾಗ ನಡುನಡುವೆ ಫ್ರೇಮ್ ಬಿದ್ದುಹೋದರೆ ಚಿತ್ರ ಧ್ವನಿಗಿಂತ ಮುಂದೆ ಓಡಿ ಹೀಗಾಗುತ್ತದೆ: 25 ಫ್ರೇಮ್ ಹೋದರೆ ಒಂದು ಸೆಕೆಂಡ್ ವ್ಯತ್ಯಾಸ. ಕ್ಯಾಪ್ಚರ್ ಸಾಧನ, ಹೊರಗಿನ ಹಾರ್ಡ್ ಡಿಸ್ಕ್ ಎರಡೂ ಒಂದೇ ಯುಎಸ್‌ಬಿ ಹಬ್‌ನಲ್ಲಿದ್ದವು. ಬೇರೆ ಬೇರೆ ಪೋರ್ಟಿಗೆ ಹಾಕಿ, ಆಂಟಿವೈರಸ್ ನಿಲ್ಲಿಸಿ ಮೊದಲಿನಿಂದ ಓಡಿಸಿದಾಗ ಸರಿಹೋಯಿತು. ಟೇಪೇ ಸುಕ್ಕುಗಟ್ಟಿ ಸಿಗ್ನಲ್ ಓಲಾಡಿದರೂ ಫ್ರೇಮ್ ಬೀಳುತ್ತದೆ. ಆಗ ನಡುವೆ ಓಲಾಟವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಬೇಕು.

ಹಾರ್ಡ್ ಡಿಸ್ಕಿನ ಲೆಕ್ಕ ಸುಲಭ. ಹೆಚ್ಚು ಕುಗ್ಗಿಸದೆ ಇಡುವ ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ. ಡಿಸ್ಕನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ, ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ಕರೆಂಟ್ ಕೈಕೊಡುವ ಊರಲ್ಲಿ ವಿಸಿಆರ್‌ಗೂ ಯುಪಿಎಸ್ ಬೇಕು.

4.7 ಜಿಬಿ ಡಿಸ್ಕಿನಲ್ಲಿ ಎರಡು ಗಂಟೆ ಚೆನ್ನಾಗಿ ಕೂರುತ್ತದೆ. ಇ-180 ಕ್ಯಾಸೆಟ್ಟಿನ ಮೂರು ಗಂಟೆಯನ್ನೂ ಒಂದರಲ್ಲೇ ತುರುಕಬೇಕೆಂದರೆ 352×576ಕ್ಕೆ ಇಳಿಸಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕಿರುವ ವಿವರವೇ ಸುಮಾರು 240 ಗೆರೆ, ನಷ್ಟ ಕಾಣುವುದಿಲ್ಲ. ಡಿವಿಡಿಗೆ ಡಿಇಂಟರ್‌ಲೇಸ್ (ಒಂದು ಬಿಟ್ಟು ಒಂದು ಗೆರೆಯ ಎರಡು ಅರ್ಧಚಿತ್ರಗಳನ್ನು ಒಂದಾಗಿಸುವುದು) ಮಾಡಬೇಡಿ. 16 ಎಕ್ಸ್ ವೇಗದ ಡಿಸ್ಕನ್ನು 8 ಎಕ್ಸ್‌ನಲ್ಲಿ ಬರೆದು ವೆರಿಫೈ ಮಾಡಿ, ಕಾಗದದ ಲೇಬಲ್ ಅಂಟಿಸದೆ ಮಾರ್ಕರ್‌ನಲ್ಲಿ ಹೆಸರು ಬರೆಯಿರಿ. ಡಿವಿ ಫೈಲನ್ನು ಮಾತ್ರ ಅಳಿಸಬೇಡಿ.