ಜೆಪ್ಪುವಿನ ಫ್ಲ್ಯಾಟ್ ಮತ್ತು ಹಿತ್ತಿಲ ಬಾವಿ

ಏಳನೇ ಮಹಡಿಗೆ ಇನ್ನೂ ಲಿಫ್ಟ್ ಬಂದಿರಲಿಲ್ಲ. ಮೆಟ್ಟಿಲಿಗೆ ಕಂಬಿಯೂ ಇರಲಿಲ್ಲ. ಸೈಟ್ ಎಂಜಿನಿಯರ್ ಹುಡುಗ ಹೆಲ್ಮೆಟ್ ಕೊಟ್ಟು ಮುಂದೆ ಹತ್ತಿದ, ನಾನೂ ನನ್ನ ಗಂಡನೂ ಹಿಂದೆ. ಬಾಲ್ಕನಿ ಆಗಬೇಕಾದ ಜಾಗದಲ್ಲಿ ನಿಂತಾಗ ನೇತ್ರಾವತಿ ಕಂಡಳು. ಆಗಸ್ಟ್ ತಿಂಗಳು, ತುಂಬಿದ ಕೆಂಪು ನೀರು. ಆಚೆ ಉಳ್ಳಾಲದ ತೆಂಗಿನ ಮರಗಳು, ನಡುವೆ ರೈಲು ಸೇತುವೆ, ಕಾಲಡಿಯಲ್ಲಿ ನಮ್ಮ ಮಂಗಳೂರಿನ ಜೆಪ್ಪುವಿನ ಹಳೇ ಮನೆಗಳ ಹಂಚಿನ ಮಾಡುಗಳು.

ನನ್ನ ಅಜ್ಜ ಜೆಪ್ಪುವಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಒಲೆಗೆ ಸೌದೆ ಹಾಕುತ್ತಿದ್ದವರು. 1865ರಲ್ಲಿ ಬಾಸೆಲ್ ಮಿಷನ್‌ನವರು ಮೊದಲ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇಲ್ಲೇ. ಹೊಳೆದಡದ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಬಂದರಿಗೆ ಹೋಗಿ ಹಡಗು ಹತ್ತುತ್ತಿತ್ತು. ಊರಿಗೆಲ್ಲ ಹಂಚು ಸುಟ್ಟುಕೊಟ್ಟ ಅಜ್ಜನಿಗೆ ಸ್ವಂತ ಮನೆ ಆಗಲಿಲ್ಲ. ಬೋಳಾರದ ಬಾಡಿಗೆ ಮನೆಯಲ್ಲೇ ತೀರಿಕೊಂಡರು. ಮಸ್ಕತ್‌ನಲ್ಲಿ 19 ವರ್ಷ ಕಳೆದು ನಾವು ಊರಿಗೆ ಬಂದಾಗ ಇವರಿಗೆ ಕದ್ರಿ ಕಡೆ ಮನಸ್ಸಿತ್ತು. ನಾನೇ ಹಟ ಹಿಡಿದೆ. ತಗೊಂಡರೆ ಹೊಳೆ ಕಾಣುವ ಈ ಕಡೆಯೇ.

ಬ್ರೋಶರ್‌ನಲ್ಲಿ 1,920 ಚದರ ಅಡಿ ಅಂತ ಇತ್ತು. ಅಡಿಗೆ 6,150 ರೂಪಾಯಿ. ಒಂದು ಕೋಟಿ ಹದಿನೆಂಟು ಲಕ್ಷ ಆಯ್ತು. ಆದರೆ ಆ 1,920ರಲ್ಲಿ ಮೆಟ್ಟಿಲು, ಲಿಫ್ಟ್, ಲಾಬಿ ಎಲ್ಲದರ ಪಾಲೂ ಸೇರಿದೆ. ಗೋಡೆಗಳ ಒಳಗೆ ನಾವು ಕಾಲಿಡುವ ಜಾಗ, ಅಂದರೆ ಕಾರ್ಪೆಟ್ ಏರಿಯಾ, 1,340 ಅಡಿ ಮಾತ್ರ. ಹಾಗೆ ಲೆಕ್ಕ ಹಾಕಿದರೆ ಅಡಿಗೆ 8,800 ದಾಟುತ್ತದೆ. ಮನೆ ಕೊಳ್ಳುವವರ ರಕ್ಷಣೆಗೆ ರೇರಾ ಕಾನೂನು ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಫ್ಲ್ಯಾಟ್ ನೋಡಲು ಹೋಗುವವರು ಮೊದಲು ಕೇಳಬೇಕಾದ್ದು ಅದನ್ನೇ. ಕಟ್ಟುತ್ತಿರುವ ಮನೆಯಾದ್ದರಿಂದ ಶೇಕಡ 5 ಜಿಎಸ್‌ಟಿ ಬೇರೆ. ಸ್ಟ್ಯಾಂಪ್ ಡ್ಯೂಟಿ ಇನ್ನೊಂದು 5, ಅದರ ಮೇಲೆ ಸೆಸ್ಸು, ನೋಂದಣಿ ಶುಲ್ಕ. ಇವರು ಡೈರಿಯಲ್ಲಿ ಎಲ್ಲ ಬರೆದು ಕೂಡಿಸಿ, ಆಗುತ್ತದೆ ಅಂದರು. ಬುಕಿಂಗ್‌ಗೆ ಐದು ಲಕ್ಷ ಕೊಟ್ಟೆವು. ಅಗ್ರಿಮೆಂಟ್ ನೋಂದಣಿ ಆಗದೆ ಶೇಕಡ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ ಅಂತಲೂ ಅದೇ ಕಾನೂನು ಹೇಳುತ್ತದೆ.

ಕಾಗದಪತ್ರ ನೋಡಲು ಹಂಪನಕಟ್ಟೆಯ ಒಬ್ಬ ಹಿರಿಯ ವಕೀಲರಿಗೆ ಕೊಟ್ಟಿದ್ದೆವು. ಬ್ಯಾಂಕಿನವರ ಲೀಗಲ್ ಒಪೀನಿಯನ್ ಆಗಲೇ ಬಂದಿತ್ತು, ಇಸಿ, ಅಂದರೆ ಜಾಗದ ಮೇಲೆ ಸಾಲ, ಹೊರೆ ಇದೆಯಾ ಅಂತ ತೋರಿಸುವ ಋಣಭಾರ ಪತ್ರ, ಕ್ಲೀನ್ ಇತ್ತು. ಇನ್ನೇನು ನೋಡಲಿಕ್ಕುಂಟು ಅಂತ ಇವರಿಗೆ ಅನಿಸಿತ್ತು. ವಕೀಲರು ಮಾತ್ರ ನಾಲ್ಕು ದಿನ ಬಿಟ್ಟು ಫೋನ್ ಮಾಡಿ, "ಒಮ್ಮೆ ಆಫೀಸಿಗೆ ಬನ್ನಿ, ಒಂದು ಹಳೇ ಪತ್ರ ತೋರಿಸಬೇಕು" ಅಂದರು.

ಅದು ನಮ್ಮ ಫ್ಲ್ಯಾಟ್ ಏಳುತ್ತಿರುವ ಜಾಗದ 1951ರ ಪಾಲುಪಟ್ಟಿ. ಆಗ ದಕ್ಷಿಣ ಕನ್ನಡ ಇನ್ನೂ ಮದರಾಸು ರಾಜ್ಯದಲ್ಲಿತ್ತು. ಕಂದು ಬಣ್ಣಕ್ಕೆ ತಿರುಗಿದ ಹಾಳೆ, ಒತ್ತೊತ್ತಾದ ಕನ್ನಡ ಕೈಬರಹ. ಅದಕ್ಕೂ ಹಿಂದೆ ಆ ಜಾಗ ಮೂಲಗೇಣಿಯದ್ದು. ನಮ್ಮ ಜಿಲ್ಲೆಯ ಬಹಳ ಮನೆಗಳ ಕತೆ ಹಾಗೆಯೇ ಶುರುವಾಗುತ್ತದೆ. ಒಮ್ಮೆ ಗೊತ್ತುಮಾಡಿದ ಗೇಣಿ ಕೊಡುತ್ತಾ ಹೋದರೆ ತಲೆತಲಾಂತರ ಅನುಭವಿಸಬಹುದು, ಆದರೆ ಮೂಲಿ ಹಕ್ಕು, ಅಂದರೆ ಜಾಗದ ಒಡೆತನ, ಇನ್ನೊಬ್ಬರದ್ದು. ಈ ಮನೆಯವರು ಮುಂದೆ ಮೂಲಿ ಹಕ್ಕನ್ನೂ ಕೊಂಡುಕೊಂಡಿದ್ದರು. ಆಮೇಲೆ ಅಣ್ಣತಮ್ಮಂದಿರಿಬ್ಬರು 42 ಸೆಂಟ್ಸ್ ಜಾಗ ಹಂಚಿಕೊಂಡರು. ದೊಡ್ಡ ಪಾಲು, ಅದರೊಳಗೆ ಬಾವಿ, ಅಣ್ಣನಿಗೆ. ಹಿಂದಿನ ಚಿಕ್ಕ ಪಾಲು ತಮ್ಮನಿಗೆ. ತಮ್ಮನ ಮನೆಯವರಿಗೆ ಆ ಬಾವಿಯಿಂದ ನೀರು ಸೇದಲು "ಮಾಮೂಲು ದಾರಿ ಮತ್ತು ನೀರಿನ ಹಕ್ಕು" ಇದೆ ಅಂತ ಚಕ್ಕುಬಂದಿಯ (ಜಾಗದ ಗಡಿ ವಿವರದ) ಕೆಳಗೆ ಸ್ಪಷ್ಟವಾಗಿ ಬರೆದಿತ್ತು.

ವಕೀಲರು ಪಕ್ಕದಲ್ಲಿ ಈಗಿನ ಪ್ಲಾನ್ ಹಾಸಿದರು. ಬಾವಿ ಇರಬೇಕಾದಲ್ಲಿ ಬರೆದಿದ್ದು: ವಿಸಿಟರ್ಸ್ ಪಾರ್ಕಿಂಗ್.

"ಇಸಿಯಲ್ಲಿ ಇದು ಬರುವುದಿಲ್ಲ ಮೇಡಂ" ಅಂದರು ವಕೀಲರು. "ಬ್ಯಾಂಕಿನವರು ತೆಗೆಸಿದ್ದು 30 ವರ್ಷದ್ದು. ಈ ಪತ್ರ ಅದಕ್ಕಿಂತ ತುಂಬಾ ಹಿಂದಿನದ್ದು. ಮೂಲ ಪತ್ರ ಓದಿದವರಿಗೆ ಮಾತ್ರ ಗೊತ್ತಾಗುತ್ತದೆ."

ಅಲ್ಲಿಂದ ಸೀದಾ ಜೆಪ್ಪುವಿಗೆ ಹೋದೆವು. ಮಳೆ ಜೋರಾಗಿತ್ತು. ಸೈಟಿನ ಹಿಂಬದಿಗೆ ನೀಲಿ ತಗಡು ಅಡ್ಡ ಕಟ್ಟಿದ್ದರು. ಅದರ ಈಚೆ ಕೆಂಪುಕಲ್ಲಿನ ಬಾವಿಕಟ್ಟೆ, ಮೇಲೆ ಸೆಂಟ್ರಿಂಗ್ ಹಲಗೆ ಮುಚ್ಚಿತ್ತು. ತಗಡಿನ ಆಚೆ ಒಂದು ಚಿಕ್ಕ ಹಂಚಿನ ಮನೆ. ಜಗಲಿಯಲ್ಲಿ ಎಂಬತ್ತರ ಹತ್ತಿರದ ಬಾಯಮ್ಮ ಒಬ್ಬರು ಕೂತು ಮಳೆ ನೋಡುತ್ತಿದ್ದರು. ಪಾಲುಪಟ್ಟಿಯ ತಮ್ಮನ ಸೊಸೆ.

"ಬಾಯಮ್ಮ, ಆ ಬಾವಿ ನೀರು ನೀವು ಉಪಯೋಗಿಸುತ್ತಿದ್ದಿರಾ?" ಅಂತ ಕೇಳಿದೆ.

"ಮದುವೆಯಾಗಿ ಬಂದ ದಿನದಿಂದ ಮಗಾ. ತಗಡು ಕಟ್ಟಿದ ಮೇಲೆ ಇಲ್ಲ. ಈಗ ನಳ್ಳಿ ನೀರು."

"ಯಾರಿಗೂ ಹೇಳಲಿಲ್ವಾ?"

"ಯಾರ ಹತ್ತಿರ ಹೇಳುವುದು? ಜಾಗ ಅವರದ್ದಲ್ವಾ?"

ನನಗೆ ಮಾತು ಬರಲಿಲ್ಲ. ಅವರ ಹಕ್ಕು 1951ರಿಂದ ಬರಹದಲ್ಲಿದೆ, ಅವರಿಗೇ ಗೊತ್ತಿಲ್ಲ. ಅದರ ಪ್ರತಿ ನನ್ನ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಅಲ್ಲೇ ಜಗಲಿಯಲ್ಲಿ ಕೂತು ಆ ಸಾಲುಗಳನ್ನು ಅವರಿಗೆ ಓದಿ ಹೇಳಿದೆ. ಮಾವನ ಹೆಸರು ಬಂದಾಗ ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಮನೆಗೆ ಬಂದು ಇವರ ಹತ್ತಿರ ಹೇಳಿದೆ. ಬಾವಿ ಉಳಿದರೆ ಫ್ಲ್ಯಾಟ್ ಬೇಕು, ಇಲ್ಲವಾದರೆ ಐದು ಲಕ್ಷ ವಾಪಸ್ ಕೇಳುವ. ಇವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆ ಬಿಲ್ಡರ್ ಹತ್ತಿರ ಹೋಗುವ" ಅಂದರು.

ಬಿಲ್ಡರ್ ಕೋಪ ಮಾಡಲಿಲ್ಲ. ಆ ಪತ್ರ ಅವರೂ ಪೂರ್ತಿ ಓದಿರಲಿಲ್ಲ. ಆದರೆ ಮಂಜೂರಾದ ಪ್ಲಾನ್ ಬದಲಿಸಲು ಈಗಾಗಲೇ ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನರ ಒಪ್ಪಿಗೆ ಬರಹದಲ್ಲಿ ಬೇಕು ಅಂದರು. ಆ ಮಾತು ಸರಿ, ಅದೂ ರೇರಾದಲ್ಲಿದೆ. ಆಗ 9 ಫ್ಲ್ಯಾಟ್ ಮಾರಾಟವಾಗಿತ್ತು. 6 ಸಹಿ ಬೇಕು. ಅವರೇ ಎಲ್ಲರಿಗೂ ಪತ್ರ ಕಳಿಸಿದರು. ಎರಡು ಪಾರ್ಕಿಂಗ್ ಹೋಗುತ್ತದೆ ಅಂತ ಕೆಲವರು ಹಿಂದೆಮುಂದೆ ನೋಡಿದಾಗ ನನ್ನನ್ನೂ ಮಾತಿಗೆ ಕರೆದರು.

ನಾನು ಹೇಳಿದ್ದು ನೀರಿನ ವಿಷಯ. ಮಂಗಳೂರಿಗೆ ಕುಡಿಯುವ ನೀರು ಬರುವುದು ತುಂಬೆಯ ಅಣೆಕಟ್ಟಿನಿಂದ. 2016ರಲ್ಲಿ, 2019ರಲ್ಲಿ, ಮತ್ತೆ 2023ರಲ್ಲಿ ಬೇಸಿಗೆ ಕೊನೆಗೆ ಅಲ್ಲಿ ನೀರು ಇಳಿದು ರೇಷನಿಂಗ್ ಆಯ್ತು. ಆಗ ದೊಡ್ಡ ಅಪಾರ್ಟ್‌ಮೆಂಟ್‌ಗಳ ಮುಂದೆಯೂ ಟ್ಯಾಂಕರ್ ನಿಂತಿತ್ತು. ಇಟಾಲಿಯನ್ ಮಾರ್ಬಲ್ ಹಾಕಿದ ಬಚ್ಚಲಿನಲ್ಲಿ ನಳ್ಳಿ ತಿರುಗಿಸಿದರೆ ನೀರು ಬರದಿದ್ದರೆ ಅದೆಂಥ ಲಕ್ಷುರಿ? ಬಾಯಮ್ಮ ಹೇಳುವ ಪ್ರಕಾರ ಈ ಬಾವಿ ಮೇ ತಿಂಗಳಲ್ಲೂ ಆರಿದ್ದಿಲ್ಲ. ಮಾಡಿನ ಮಳೆ ನೀರನ್ನೂ ಇದಕ್ಕೆ ಬಿಡಬಹುದು. ದುಬೈಯಲ್ಲಿದ್ದ ಒಬ್ಬರು ಮೊದಲು ಒಪ್ಪಿದರು, ಅವರೂ ಬಾವಿ ನೀರು ಕುಡಿದು ಬೆಳೆದವರು. ಕೊನೆಗೆ 8 ಸಹಿ ಬಂತು. ಒಂಬತ್ತನೆಯವರು ಉತ್ತರ ಕೊಡಲಿಲ್ಲ.

ಪರಿಷ್ಕೃತ ಪ್ಲಾನ್ ಆಗಿ ಬರಲು ಜನವರಿ ಆಯ್ತು. ಅಗ್ರಿಮೆಂಟ್ ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಜನವೋ ಜನ. ಫೋಟೊ, ಹೆಬ್ಬೆರಳು, ಮತ್ತೆ ಕಾಯುವುದು. ಸಹಿ ಹಾಕುವ ಮೊದಲು ನಾನು ಜಾಗದ ವಿವರ ಇರುವ ಷೆಡ್ಯೂಲ್ ಪುಟ ತೆಗೆದು ನೋಡಿದೆ. ಹಿಂದಿನ ಮನೆಯವರ ಮಾಮೂಲು ದಾರಿ ಮತ್ತು ನೀರಿನ ಹಕ್ಕಿಗೆ ಒಳಪಟ್ಟು, ಅಂತ ಅದೇ ಹಳೇ ಮಾತು ಇತ್ತು. ಈಗ ಕಂಪ್ಯೂಟರ್ ಅಕ್ಷರದಲ್ಲಿ.

ಸಂಜೆ ಜೆಪ್ಪುವಿಗೆ ಹೋದೆವು. ತಗಡು ತೆಗೆದು ಪಾಗಾರ ಕಟ್ಟಿದ್ದರು, ಪಾಗಾರದಲ್ಲಿ ಒಂದು ಚಿಕ್ಕ ಕಬ್ಬಿಣದ ಗೇಟು. ಬಾಯಮ್ಮನ ಮೊಮ್ಮಗ ರಾಟೆಗೆ ಹೊಸ ಹಗ್ಗ ಹಾಕಿದ. ಮೊದಲ ಕೊಡ ಮೇಲೆ ಬಂದಾಗ ನಾನು ಕೈ ಒಡ್ಡಿದೆ.

"ಈಗ ಬೇಡ ಮಗಾ" ಅಂದರು ಬಾಯಮ್ಮ. "ವರ್ಷ ದಾಟಿತು ಸೇದದೆ. ಮೊದಲು ಬಾವಿ ಕಲಸಿ ಕೆಸರು ತೆಗೆಸಬೇಕು." ಆ ಕೊಡವನ್ನು ಮಲ್ಲಿಗೆ ಗಿಡದ ಬುಡಕ್ಕೆ ಸುರಿದು, ಕೆಸರು ತೆಗೆಯುವವನ ಫೋನ್ ನಂಬರ್ ಹುಡುಕಲು ಒಳಗೆ ಹೋದರು.