ಎಲೆ ಕೊಕ್ಕೆ ಮುಗಿದವು, ಈಳಿಗೆಗೆ ಹದ ಬಿತ್ತು

ಅಡುಗೆಮನೆಗೆಂದು ಕುಲುಮೆಯಲ್ಲಿ ಕೈಗೆತ್ತಿಕೊಂಡ ಕೆಲಸದಲ್ಲಿ ಎಲೆಯಾಕಾರದ ತುದಿಯ ಕೊಕ್ಕೆಗಳ ಸಾಲು ಮುಗಿದು ಗೋಡೆ ಸೇರಿದೆ. ಎಲ್ಲವೂ 10 ಮಿ.ಮೀ. ಚೌಕ ಸರಳಿನವು, ಸಾದಾ ಮೈಲ್ಡ್ ಸ್ಟೀಲ್ (ಇಂಗಾಲ ಕಡಿಮೆಯಿರುವ ಮೆದು ಉಕ್ಕು). ಚೌಕವೇ ಏಕೆಂದರೆ, ಗುಂಡು ಸರಳನ್ನು ಎಷ್ಟು ತಿರುಚಿದರೂ ಕಣ್ಣಿಗೆ ಕಾಣುವುದಿಲ್ಲ. ಏಣುಗಳಿದ್ದರೆ ಮಾತ್ರ ತಿರುಪು ಎದ್ದು ಬರುತ್ತದೆ. ತಿರುಚುವ ಭಾಗ ಒಂದೇ ಸಮನೆ ಕೆಂಪಾಗಿರಬೇಕು. ಕಾವು ಹೆಚ್ಚಿದ್ದಲ್ಲಿ ತಿರುಪು ಬಿಗಿಯುತ್ತದೆ, ಉಳಿದೆಡೆ ಸಡಿಲ. ಬಿಗಿಯತೊಡಗಿದ ಜಾಗಕ್ಕೆ ಚೊಂಬಿನಿಂದ ಸಣ್ಣಗೆ ನೀರು ಬಿಟ್ಟರೆ ಅದು ಅಲ್ಲಿಗೇ ನಿಲ್ಲುತ್ತದೆ. ಸ್ಪ್ರಿಂಗ್ ಉಕ್ಕಿನ ಮೇಲೆ ಈ ಉಪಾಯ ಬೇಡ, ಸೀಳಿಬಿಡುತ್ತದೆ.

ಎಲೆಗೆ ಮಾಡಿದ್ದಿಷ್ಟು: ತುದಿಯನ್ನು ಮೊನೆಯಾಗಿ ಎಳೆದು, ಅಡಿಗಲ್ಲಿನ (ಕಬ್ಬಿಣವನ್ನಿಟ್ಟು ಬಡಿಯುವ ದಿಮ್ಮಿಯ) ಅಂಚಿನ ಮೇಲೆ ಬಡಿದು ಕುತ್ತಿಗೆಯಂತೆ ಕಿರಿದಾಗಿಸಿ, ಮುಂದುಳಿದ ಗಂಟನ್ನು ಬಡಿದು ಹರಡಿ, ಮೊಂಡು ಚಾಣದಿಂದ ನರ ಮೂಡಿಸುವುದು. ಎಲೆಯನ್ನು ಕೊಕ್ಕೆಯ ನೆತ್ತಿಯ ಮೇಲೆ ಇಡುವುದು ನನಗೆ ಹಿಡಿಸದು. ಅಲ್ಲಿ ಅದಕ್ಕೆ ದೂಳು ಹಿಡಿಯುವುದನ್ನು ಬಿಟ್ಟರೆ ಬೇರೆ ಕೆಲಸವಿಲ್ಲ. ಕೆಳಗೆ, ಕೊಕ್ಕೆಯ ಬಾಯಿಯ ತುದಿಯಲ್ಲೇ ಇಟ್ಟಿದ್ದೇನೆ: ಬಾಣಲೆಯ ಕುಣಿಕೆ ಜಾರುವುದಿಲ್ಲ, ಬಟ್ಟೆ ಹರಿಯುವ ಮೊನೆಯೂ ಉಳಿಯುವುದಿಲ್ಲ. ಬಿಸಿ ಇರುವಾಗಲೇ ಜೇನುಮೇಣ ಸವರಿದರೆ ಕಪ್ಪು ಹೊಳಪು ಬರುತ್ತದೆ.

ಇನ್ನು ಈಳಿಗೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ, ಇಂಗಾಲ ಸುಮಾರು ಶೇ. 0.6. ಒಂದು ಅಂಚನ್ನು ತೆಳುವಾಗಿಸುತ್ತ ಹೋದಂತೆ ಆ ಕಡೆ ಉದ್ದ ಬೆಳೆದು ಪಟ್ಟಿ ಎದುರು ದಿಕ್ಕಿಗೆ ಬಾಗುತ್ತದೆ. ಆದ್ದರಿಂದ ಮೊದಲೇ ಬಾಯಿಯ ಕಡೆಗೆ ಬಗ್ಗಿಸಿಕೊಂಡು ಬಡಿಯಲು ಶುರು ಮಾಡಿದೆ. ಕಾಯಿ ತುರಿಯುವ ತುದಿಯದು ಬೇರೆಯೇ ತಕರಾರು. ಬಿಲ್ಲೆಯಾಗಿ ಹರಡಿದ ಮೇಲೆ ಅದು ಎಷ್ಟು ತೆಳುವೆಂದರೆ, ದಪ್ಪ ಅಲಗು ಕೆಂಪಾಗುವಷ್ಟರಲ್ಲಿ ಬಿಳಿಗಾವಿಗೆ ಏರಿ ಕಿಡಿ ಕಾರಬಹುದು. ಒಮ್ಮೆ ಕಿಡಿ ಕಾರಿದರೆ ಉಕ್ಕು ಸುಟ್ಟಿತೆಂದೇ ಅರ್ಥ. ತುದಿಯನ್ನು ಬೆಂಕಿಯಿಂದ ಆಚೆ ಚಾಚಿ ಅಲಗನ್ನು ಕಾಯಿಸಿ, ಕೊನೆಯಲ್ಲಷ್ಟೇ ಒಳಗೆ ಎಳೆದುಕೊಂಡೆ. ಹಲ್ಲುಗಳನ್ನು ಹದಕ್ಕೆ, ಅಂದರೆ ಕಾಯಿಸಿ ಎಣ್ಣೆಗೆ ಅದ್ದಿ ಗಡಸು ಮಾಡುವುದಕ್ಕೆ, ಮುಂಚೆಯೇ ಅರದಿಂದ ತೆಗೆದಿದ್ದಾಯಿತು. ಆಮೇಲೆ ಅರವೇ ಕಚ್ಚುವುದಿಲ್ಲ.

ಉರಿಸುವುದು ತೆಂಗಿನ ಚಿಪ್ಪಿನ ಇದ್ದಿಲು, ಗಾಳಿಗೆ ಕೈಯಿಂದ ತಿರುಗಿಸುವ ಬ್ಲೋವರ್. ಇದ್ದಿಲಿನಲ್ಲಿ ಏನಾದೀತು ಎಂದು ಮೂಗು ಮುರಿಯುವವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಉದಾಹರಣೆ ಕೊಡುತ್ತೇನೆ: 1923ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆಯ ಕುಲುಮೆಯೂ ಕಟ್ಟಿಗೆಯ ಇದ್ದಿಲಿನಿಂದಲೇ ಉರಿಯುತ್ತಿತ್ತು.

ಹದ ಹಾಕಲು ಸಂಜೆಯ ಮಬ್ಬು ಬೇಕು, ಬಿಸಿಲಿನಲ್ಲಿ ಕೆಂಪು ಮೋಸ ಮಾಡುತ್ತದೆ. ಬಣ್ಣದ ಜೊತೆಗೆ ಅಯಸ್ಕಾಂತವನ್ನೂ ಇಟ್ಟುಕೊಂಡಿದ್ದೆ: 770 ಡಿಗ್ರಿ ದಾಟಿದ ಮೇಲೆ ಉಕ್ಕು ಅದಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾವು ಏರಿಸಿ, ಬೆಚ್ಚಗೆ ಮಾಡಿದ ಕಡಲೆಕಾಯಿ ಎಣ್ಣೆಗೆ ಇಳಿಸಿದೆ. ಉಜ್ಜಿ ನೋಡಿದರೆ ಅರ ಕಚ್ಚದೆ ಜಾರಿತು, ಅಂದರೆ ಗಡಸಾಗಿದೆ. ಹಾಗೇ ಬಿಟ್ಟರೆ ಗಾಜಿನಂತೆ ಒಡೆಯುತ್ತದೆ, ಆದ್ದರಿಂದ ಓವನ್ನಿನಲ್ಲಿಟ್ಟು ಮತ್ತೆ ಕಾಯಿಸಬೇಕು. ಉಜ್ಜಿ ಹೊಳಪು ಮಾಡಿದ ಮೈಯ ಮೇಲೆ 220 ಡಿಗ್ರಿ ಹೊತ್ತಿಗೆ ಹುಲ್ಲಿನ ಹಳದಿ, 250ರ ಆಸುಪಾಸಿನಲ್ಲಿ ಕಂದು, 300 ಸಮೀಪಿಸುವಾಗ ನೀಲಿ. ಹಳದಿಗೇ ನಿಲ್ಲಿಸಿದ್ದರೆ ಬಾಯಿ ಹೆಚ್ಚು ಕಾಲ ಹರಿತವಾಗಿರುತ್ತಿತ್ತು. ಕುಂಬಳಕಾಯಿಯನ್ನು ಒತ್ತಿ ಸೀಳುವಾಗ ಚೂರು ಹಾರುವುದಕ್ಕಿಂತ ಆಗಾಗ ಮಸೆಯುವುದು ವಾಸಿ ಎಂದು ಕಂದಿಗೆ ಬಿಟ್ಟೆ.

ಉಳಿದಿರುವುದು ಮಣೆ. ಹಲಸಿನ ಹಲಗೆ ಒಣಗಿದೆ. ಬುಡವನ್ನು ಕಾಯಿಸಿ ತೂತಿಗೆ ಇಳಿಸುವಾಗ ಅಲಗಿಗೆ ಕಾವು ಏರಿ ಹದ ಹೋಗದಂತೆ ಒದ್ದೆ ಗೋಣಿ ಸುತ್ತಬೇಕು. ಮಡಚುವಂತೆ ಮಾಡಿಕೊಡು ಎಂದು ಮನೆಯಲ್ಲಿ ಬೇಡಿಕೆ ಇದೆ. ರಿವೆಟ್ ಸವೆದ ಈಳಿಗೆ ಅಲುಗಾಡುವುದನ್ನು ನೋಡಿದ್ದೇನೆ, ಇದು ಮಡಚುವುದಿಲ್ಲ.