ವರ್ಗೀಸ್, ಜಾರ್ಜ್, ಯೂರಿ: ಹೆಸರು ತಾಳೆ ನೋಡುವ ಕೆಲಸದಲ್ಲಿ ಕಲಿತದ್ದು

ಗ್ರಾಹಕರ ದಾಖಲೆಗಳಲ್ಲಿರುವ ಹೆಸರುಗಳನ್ನು ತಾಳೆ ನೋಡುವ ಸಾಫ್ಟ್‌ವೇರನ್ನು ಪರೀಕ್ಷಿಸುವುದು ನನ್ನ ಕೆಲಸ. ಒಂದು ಕಾಗದದಲ್ಲಿ ಜಾರ್ಜ್, ಇನ್ನೊಂದರಲ್ಲಿ ವರ್ಗೀಸ್ ಅಂತಿದೆ. ಒಬ್ಬರೇನಾ, ಇಬ್ಬರಾ? ಬರೀ ಅಕ್ಷರ ಹೋಲಿಸುವ ಪ್ರೋಗ್ರಾಮಿಗೆ ಇದು ಗೊತ್ತಾಗುವುದೇ ಇಲ್ಲ.

ಎರಡೂ ಹುಟ್ಟಿದ್ದು ಗ್ರೀಕಿನ ಗೆಯೋರ್ಗಿಯೋಸ್‌ನಿಂದ. ಅಲ್ಲಿನ ಹಳೆಯ ಚರ್ಚುಗಳ ಪ್ರಾರ್ಥನೆಯ ಭಾಷೆಯಾದ ಸಿರಿಯಾಕ್ ಮೂಲಕ ಕೇರಳಕ್ಕೆ ಬಂದದ್ದು ಗೀವರ್ಗೀಸ್, ವರ್ಗೀಸ್, ವರ್ಕಿ ಆಯಿತು. ಇಂಗ್ಲಿಷಿನ ದಾರಿಯಲ್ಲಿ ಬಂದದ್ದು ಜಾರ್ಜ್. ಒಬ್ಬರಿಗೇ ಚರ್ಚಿನಲ್ಲಿ ಒಂದು, ಶಾಲೆಯ ಸರ್ಟಿಫಿಕೇಟಿನಲ್ಲಿ ಇನ್ನೊಂದು ಇರುವುದೂ ಉಂಟು. ಅದೇ ಹೆಸರು ಸ್ಪೇನಿನಲ್ಲಿ ಹೋರ್ಹೆ. ರಷ್ಯಾದಲ್ಲಿ ಯೂರಿ, ಅಂದರೆ ಮೊದಲ ಗಗನಯಾತ್ರಿ ಗಗಾರಿನ್ ಹೆಸರು!

ಹಾಗಾಗಿ ನಾನು ಮೊದಲು ನೋಡುವುದು ಹೆಸರು ಯಾವ ಭಾಷೆ ದಾಟಿ ಬಂತು ಅಂತ. ಅರಬ್ಬಿಯಲ್ಲಿ 'ಪ' ಇಲ್ಲ, ಅದಕ್ಕೇ ಗ್ರೀಕಿನ ಪೆತ್ರೋಸ್, ಅಂದರೆ ಪೀಟರ್, ಅಲ್ಲಿ ಬುತ್ರುಸ್. 1992ರಿಂದ 1996ರವರೆಗೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಬುತ್ರೋಸ್ ಘಾಲಿಯವರ ಹೆಸರು ಇದೇ. ಗ್ರೀಕಿನ 'ಥ' ರಷ್ಯನ್ನರಲ್ಲಿ 'ಫ' ಆಗಿ, ಥಿಯೋಡೋರೋಸ್ ಫ್ಯೋದರ್ ಆದ.

ಎಲ್ಲಕ್ಕಿಂತ ಜಾಸ್ತಿ ವೇಷ ಬದಲಿಸಿದ್ದು ಅಲೆಕ್ಸಾಂಡ್ರೋಸ್. ಅರಬ್ಬಿಯಲ್ಲಿ 'ಅಲ್' ಅಂದರೆ ಇಂಗ್ಲಿಷಿನ 'ದ' ಇದ್ದ ಹಾಗೆ. ಹೆಸರಿನ ಮೊದಲಿನ 'ಅಲ್' ಕೂಡ ಅದೇ ಅಂದುಕೊಂಡು ಬಿಡಿಸಿಟ್ಟರು. 'ಕ್ಸ' ತಿರುಗಿ 'ಸ್ಕ' ಆಯಿತು. ಉಳಿದದ್ದು ಇಸ್ಕಂದರ್, ನಮಗೆ ಚಿರಪರಿಚಿತ ಸಿಕಂದರ್. ಹಂಗೇರಿಯಲ್ಲಿ ಶಾಂಡೋರ್, ಕೇರಳದಲ್ಲಿ ಚಾಂಡಿ. ಅಶೋಕನ 13ನೇ ಬಂಡೆ ಶಾಸನದಲ್ಲೂ ಈ ಹೆಸರಿನ ಒಬ್ಬ ಗ್ರೀಕ್ ರಾಜನಿದ್ದಾನೆ, ಪ್ರಾಕೃತದಲ್ಲಿ ಅವನು ಅಲಿಕಸುದರ. 2,200ಕ್ಕೂ ಹೆಚ್ಚು ವರ್ಷದ ಹಿಂದೆ ಕಿವಿಗೆ ಕೇಳಿದ ಹಾಗೆ ಬರೆದುಕೊಂಡಿದ್ದಾರೆ! ಈ ಶಾಸನದ ಸಾಲು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈಗ ಕೆಲಸದ ಮಾತು. ಇಂಥ ಹೆಸರುಗಳ ನಂಟನ್ನು ಬೇರೆಯೇ ಪಟ್ಟಿಯಲ್ಲಿ ಇಡಿ, ಯಾವ ಭಾಷೆಯ ರೂಪ ಅಂತ ಪಕ್ಕದಲ್ಲಿ ಬರೆದಿಡಿ. ಹೆಸರು ಒಂದೇ ಬೇರಿನದು ಅಂದ ಮಾತ್ರಕ್ಕೆ ಮನುಷ್ಯನೂ ಒಬ್ಬನೇ ಅಲ್ವಲ್ಲ. ಪಟ್ಟಿಯಲ್ಲಿ ಹೊಂದಿಕೆ ಸಿಕ್ಕರೆ ಹುಟ್ಟಿದ ದಿನ, ವಿಳಾಸ ನೋಡಿ, ಇನ್ನೊಂದು ದಾಖಲೆ ಕೇಳಿ. ಸುಮ್ನೆ ಎರಡನ್ನೂ ಸೇರಿಸಿಬಿಡಬೇಡಿ. ಮೂಲ ದಾಖಲೆಯಲ್ಲಿರುವುದನ್ನಂತೂ ಮುಟ್ಟಲೇಬಾರದು. ವರ್ಗೀಸ್ ಅಂತ ಬರೆದುಕೊಟ್ಟವರಿಗೆ ವರ್ಗೀಸ್ ಹೆಸರಲ್ಲೇ ಪತ್ರ ಹೋಗಬೇಕು.